ಎಣಿಕೆಗೆ ಸಿಗದ ಎಂಟು ಜನ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಕಲೆಯಕ್ಕ ಎಂದು. ಹಾಡು ಕುಣಿತದ ಕಲೆಯಲ್ಲ, ಬಟ್ಟೆಯ ಮೇಲಿನ ಕಲೆ. ಆರು ಮಹಡಿಗಳಿಂದ ದಪ್ಪ ಕೊಳವೆಯೊಳಗೆ ಜಾರಿ ಬೀಳುವ ಹೊದಿಕೆ, ದಿಂಬಿನ ಚೀಲ, ಡಾಕ್ಟರುಗಳ ಹಸಿರು ನಿಲುವಂಗಿ ಎಲ್ಲವೂ ಯಂತ್ರಕ್ಕೆ ಹೋಗುವ ಮೊದಲು ಅವಳ ಮೇಜನ್ನು ಹಾದು ಹೋಗಬೇಕು. ಇದು ಮುಲಾಮಿನ ಜಿಡ್ಡು, ಇದು ಮಂಚದ ತುಕ್ಕು, ಈ ರಕ್ತ ನಿನ್ನೆಯದು, ಇದು ಮೊನ್ನೆಯದು ಎಂದು ಅವಳು ಕೈಗವಸು ಹಾಕಿದ ಬೆರಳಿನಿಂದ ಮುಟ್ಟಿಯೇ ಹೇಳುತ್ತಿದ್ದಳು. ಹದಿನಾರು ವರ್ಷದ ಅನುಭವ. "ಜನ ಮುಖ ನೋಡಿ ಮಣೆ ಹಾಕ್ತಾರೆ, ನಮ್ಮಕ್ಕ ಕಲೆ ನೋಡಿ ನೀರು ಹಾಕ್ತಾಳೆ" ಎನ್ನುವುದು ಬಟ್ಟೆಯ ಗಾಡಿ ತಳ್ಳುವ ಗಾಡಿಯಣ್ಣನ ಹಳೆಯ ನಗೆಮಾತು.

ಇಂಥವಳಿಗೆ ಟಿ.ವಿ. ಧಾರಾವಾಹಿಗಳ ಕೊಲೆ ಕಂಡರೆ ಮೈ ಉರಿಯುತ್ತಿತ್ತು. ಎದೆಗೆ ಚಾಕು ಬಿದ್ದವನ ಅಂಗಿ ಮುಂದಿನ ದೃಶ್ಯದಲ್ಲಿ ಹಾಲಿನಂತೆ ಬೆಳ್ಳಗೆ. "ಯಾರಪ್ಪಾ ಒಗೆದುಕೊಟ್ಟಿದ್ದು? ನಮ್ಮಲ್ಲಿಗೆ ಕೆಲಸಕ್ಕೆ ಕಳಿಸಿ ಅವರನ್ನ" ಎಂದು ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಲ್ಲಿಂದಲೇ ಟಿ.ವಿ.ಯನ್ನು ಕೇಳುವಳು. ಟಿ.ವಿ. ಉತ್ತರ ಕೊಡುತ್ತಿರಲಿಲ್ಲ. ಅತ್ತೆ ಕೊಡುತ್ತಿದ್ದರು: "ಸುಮ್ನಿರೇ, ಅವರು ಸಾಯ್ತಿರೋದು ಚಾಕುವಿಗಲ್ಲ, ನಿನ್ನ ವಟವಟಕ್ಕೆ."

ಆ ವರ್ಷ ಗುರುವಾರ ಸಂಜೆ ಏಳೂವರೆಗೆ 'ಹೇಳಿಕೆ' ಎಂಬ ಧಾರಾವಾಹಿ ಶುರುವಾಯಿತು. ಅದರಲ್ಲಿ ಓಡುವ ಕಾರಿಲ್ಲ, ಪಿಸ್ತೂಲಿಲ್ಲ. ಒಂದು ಸಣ್ಣ ಪೊಲೀಸ್ ಠಾಣೆ, ಅಲ್ಲಿ ದಾಖಲೆ ಬರೆಯುವ ಒಬ್ಬ ನಡುವಯಸ್ಸಿನ ಹೆಂಗಸು. ಎಲ್ಲರೂ ಅವಳನ್ನು ಗುಮಾಸ್ತೆ ಎನ್ನುತ್ತಾರೆ. ಬಂದವರು ಹೇಳುತ್ತಾರೆ, ಇವಳು ಬರೆದುಕೊಳ್ಳುತ್ತಾಳೆ. ಬರೆದದ್ದನ್ನು ಓದಿ ಹೇಳಿ, "ಇದು ನಿಮ್ಮ ಮಾತೇನಾ?" ಎಂದು ಕೇಳುತ್ತಾಳೆ. ಹೌದೆಂದರೆ ರುಜು ಹಾಕಿಸಿಕೊಳ್ಳುತ್ತಾಳೆ. ಒಂದು ಕಂತಿಗೆ ಒಬ್ಬರ ಹೇಳಿಕೆ, ಅಷ್ಟೇ.

ಮೂರನೆಯ ಕಂತಿನಲ್ಲಿ ಹೆಂಡತಿ ಸತ್ತ ಗಂಡನೊಬ್ಬ ಗುಮಾಸ್ತೆಯ ಮುಂದೆ ಕೂತಿದ್ದ. ಬೆಳಗಿನ ಜಾವ ಹೊದಿಕೆ ಯಾಕೆ ಒಗೆದೆ ಎಂದು ದೊಡ್ಡ ಅಧಿಕಾರಿಗಳೆಲ್ಲ ಕೇಳಿದ್ದರು. ಮಗು ವಾಂತಿ ಮಾಡಿಕೊಂಡಿತು ಎಂದಿದ್ದ. ಮಗು ನಿಜಕ್ಕೂ ವಾಂತಿ ಮಾಡಿಕೊಂಡಿತ್ತು. ಅಲ್ಲಿಗೆ ಮಾತು ಮುಗಿದಿತ್ತು. ಗುಮಾಸ್ತೆ ಮಾತ್ರ ತಲೆ ಎತ್ತದೆ ಕೇಳಿದಳು: "ಬಿಸಿನೀರಲ್ಲೋ, ತಣ್ಣೀರಲ್ಲೋ?" ಅವನು "ತಣ್ಣೀರಲ್ಲಿ" ಎಂದ. ಪೆನ್ನು ನಿಂತಿತು. ಕೊರೆಯುವ ಚಳಿ, ಮನೆಯಲ್ಲಿ ಹಂಡೆ ತುಂಬ ಕಾದ ನೀರು. ಆದರೂ ತಣ್ಣೀರು.

ಕಲೆಯಕ್ಕನ ಮೈ ಜುಮ್ಮೆಂದಿತು. ರಕ್ತಕ್ಕೆ ಬಿಸಿನೀರು ಹಾಕಿದರೆ ಅದು ಬಟ್ಟೆಯಲ್ಲೇ ಬೆಂದು ಕೂರುತ್ತದೆ, ಜನ್ಮದಲ್ಲಿ ಬಿಡುವುದಿಲ್ಲ. ಲಾಂಡ್ರಿಗೆ ಹೊಸದಾಗಿ ಸೇರಿದವರಿಗೆ ಅವಳು ಮೊದಲ ದಿನ ಕಲಿಸುವ ಪಾಠವೇ ಅದು. ಒಗೆಯುವಾಗ ಆ ಗಂಡನಿಗೆ ತಾನು ಒಗೆಯುತ್ತಿರುವುದು ಏನೆಂದು ಗೊತ್ತಿತ್ತು! ಅವಳು ನೋಡುತ್ತ ನಿಂತೇ ನಿಂತಳು. ತನ್ನ ಗಂಡನ ಅಂಗಿಯ ತೋಳಿನಿಂದ ಕಮಟು ವಾಸನೆ ಬಂದ ಮೇಲೆಯೇ ಇಸ್ತ್ರಿಪೆಟ್ಟಿಗೆ ಎತ್ತಿದ್ದು.

ಮರುದಿನ ಊಟದ ಬಿಡುವಿನಲ್ಲಿ ಮೇಜಿನ ಸುತ್ತ ಇದೇ ಕಥೆ. ಮೂವತ್ತು ವರ್ಷದಿಂದ ಹೊದಿಕೆ ಮಡಿಸುತ್ತಿರುವ ಮಡಿಕೆಯಮ್ಮ ಬಾಯಿಗೆ ಹೋಗುತ್ತಿದ್ದ ತುತ್ತನ್ನು ಅರ್ಧಕ್ಕೇ ನಿಲ್ಲಿಸಿದರು.

"ತಣ್ಣೀರು ಅಂತ ಟಿ.ವಿ.ಯಲ್ಲಿ ಹೇಳಿದ್ರಾ? ನಿಜವಾಗ್ಲೂ?"

"ನನ್ನ ಕಣ್ಣಾರೆ ನೋಡಿದೆ, ಅಮ್ಮ."

"ಹಾಗಾದ್ರೆ ಅದನ್ನ ಬರೆದವರು ಯಾರೋ ನಮ್ಮಂಥವರ ಹತ್ರ ಬಂದು ಕೂತು ಕೇಳಿದ್ದಾರೆ ಕಣೆ" ಎಂದರು ಮಡಿಕೆಯಮ್ಮ. "ಇಷ್ಟು ವರ್ಷದಲ್ಲಿ ನಮ್ಮನ್ನ ಯಾರಾದ್ರೂ ಏನಾದ್ರೂ ಕೇಳಿದ್ದಾರಾ?"

ಆಮೇಲಿಂದ ಶುಕ್ರವಾರ ಬಂತೆಂದರೆ ಕಲೆಯಕ್ಕ ಕಥೆ ಹೇಳಬೇಕು. ಉಳಿದವರಿಗೆ ನೋಡಲು ಆಗುತ್ತಿರಲಿಲ್ಲ. ಕೆಲವರಿಗೆ ಸಂಜೆಯ ಪಾಳಿ, ಕೆಲವರ ಮನೆಯ ರಿಮೋಟು ಇನ್ನೊಬ್ಬರ ಕೈಯಲ್ಲಿ. ಹೊಸ ಪ್ರಕರಣ ಶುರುವಾಗಿತ್ತು. ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಬದುಕುವ ಒಬ್ಬ ಒಡತಿ ಮೆಟ್ಟಿಲ ಕೆಳಗೆ ಸತ್ತು ಬಿದ್ದಿದ್ದಾಳೆ. ತಳ್ಳಿದವರು ಯಾರು? ಅಳಿಯನೋ, ಅಡುಗೆಯವಳೋ, ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರೋ? ಲಾಂಡ್ರಿ ಮೂರು ಪಂಗಡವಾಯಿತು.

ಹೀಗಿರುವಾಗ ಒಂದು ಸಂಜೆ, ಹತ್ತನೇ ತರಗತಿಯ ಮಗಳು ಫೋನಿನಿಂದ ತಲೆ ಎತ್ತಿದಳು.

"ಅಮ್ಮ, ನಿನ್ನ 'ಹೇಳಿಕೆ' ಬಗ್ಗೆ ಬರೆದಿದ್ದಾರೆ ನೋಡು. 'ಹತ್ತು ವರ್ಷದಲ್ಲಿ ಇಷ್ಟು ಪ್ರಾಮಾಣಿಕವಾದ ಅಪರಾಧ ಕಥೆ ಬಂದಿಲ್ಲ' ಅಂತ. ಪ್ರಶಸ್ತಿ ಬೇರೆ ಬಂದಿದೆಯಂತೆ."

"ಬರ್ದೇ ಇರುತ್ತಾ?" ಕಲೆಯಕ್ಕ ತಾನೇ ಬರೆದವಳಂತೆ ಬೀಗಿದಳು.

"ಪೂರ್ತಿ ಕೇಳು. 'ಆದರೆ ನೋಡುವವರೇ ಇಲ್ಲ. ಬರುವ ತಿಂಗಳಿನಿಂದ ಶನಿವಾರ ಮಧ್ಯಾಹ್ನ ಎರಡೂವರೆಗೆ ತಳ್ಳಲಾಗುತ್ತಿದೆ. ಮುಚ್ಚುವ ಮೊದಲಿನ ಮೆಟ್ಟಿಲು ಇದು.'"

"ನೋಡೋರೇ ಇಲ್ಲ ಅಂದ್ರೆ ನಾನು ಯಾರೇ?" ಕಲೆಯಕ್ಕ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದಳು. "ಯಾರೂ ನೋಡ್ತಿಲ್ಲ ಅಂತ ಇವರಿಗೆ ಹೇಳಿದವರು ಯಾರು?"

ಮಗಳು ಬೆರಳು ಮಾಡಿ ತೋರಿಸಿದಳು. ಟಿ.ವಿ.ಯ ಪಕ್ಕದ ಬೂದು ಪೆಟ್ಟಿಗೆ.

ಆ ಪೆಟ್ಟಿಗೆ ಬಂದು ಐದು ವರ್ಷಕ್ಕೆ ಎರಡು ತಿಂಗಳು ಕಡಿಮೆಯಾಗಿತ್ತು. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಾರೆಂದು ಎಣಿಸುವ ಕಂಪನಿಯೊಂದು ಅಲ್ಲಲ್ಲಿ ಒಂದೊಂದು ಮನೆ ಆರಿಸಿ ಅದನ್ನು ಇಡುತ್ತಿತ್ತು. ಮನೆಯ ಪ್ರತಿಯೊಬ್ಬರಿಗೂ ಒಂದು ನಂಬರು: ಅತ್ತೆ ಒಂದು, ಗಂಡ ಎರಡು, ಕಲೆಯಕ್ಕ ಮೂರು, ಮಗಳು ನಾಲ್ಕು. ನೋಡುವವರು ತಮ್ಮ ಗುಂಡಿ ಒತ್ತಿದರೆ ಪೆಟ್ಟಿಗೆಯಲ್ಲಿ ಅವರ ದೀಪ ಹತ್ತುತ್ತದೆ. ಯಾರಿಗೂ ಹೇಳಬಾರದು ಎಂಬುದು ಕರಾರು. ವರ್ಷಕ್ಕೊಂದು ಉಡುಗೊರೆ ಬರುತ್ತಿತ್ತು. ಗೋಡೆ ಗಡಿಯಾರ, ಕುಕ್ಕರು, ಮಿಕ್ಸಿ, ಫ್ಯಾನು ಬಂದಾಗಿತ್ತು. ಐದು ವರ್ಷ ತುಂಬಿದ ಮನೆಗೆ ಬಟ್ಟೆ ಒಗೆಯುವ ಮೆಷೀನು. ಅದಕ್ಕಾಗಿ ಅತ್ತೆ ಕೋಣೆಯ ಮೂಲೆಯೊಂದನ್ನು ಆಗಲೇ ಖಾಲಿ ಮಾಡಿಸಿದ್ದರು. ದಿನವಿಡೀ ಊರ ರೋಗಿಗಳ ಬಟ್ಟೆ ಒಗೆದು ಬಂದು ಮನೆಯಲ್ಲಿ ಮತ್ತೆ ಬಕೆಟ್ಟಿಗೆ ಬಗ್ಗುವ ಕಲೆಯಕ್ಕನಂತೂ ದಿನಕ್ಕೊಮ್ಮೆ ಆ ಖಾಲಿ ಮೂಲೆಯನ್ನು ನೋಡಿ ಸೊಂಟ ನೀವಿಕೊಳ್ಳುತ್ತಿದ್ದಳು.

"ಅಮ್ಮ, ನೀನು ನಿನ್ನ ಮೂರು ಒತ್ತುತ್ತೀಯ ತಾನೆ?" ಮಗಳು ಕೇಳಿದಳು.

"ನಾನ್ಯಾಕೆ ಒತ್ತಲಿ?"

"ಅಂದ್ರೆ?"

"ಪೆಟ್ಟಿಗೆ ಹಾಕಿದವನು ಸ್ಪಷ್ಟವಾಗಿ ಹೇಳಿದ್ನಲ್ಲ, ಟಿ.ವಿ. ಮುಂದೆ ಯಾರು ಕೂತ್ಕೋತಾರೋ ಅವರು ಒತ್ತಬೇಕು, ಎದ್ರೆ ಮತ್ತೆ ಒತ್ತಿ ಆರಿಸ್ಬೇಕು ಅಂತ. ನಾನು ಯಾವತ್ತು ಕೂತೆ?"

ಮಗಳಿಗೆ ನಗು ಉಕ್ಕಿತು. ಅಮ್ಮನ ಮುಖ ನೋಡಿ ನಗು ನಿಂತುಹೋಯಿತು. ಅಮ್ಮ ತಮಾಷೆ ಮಾಡುತ್ತಿರಲಿಲ್ಲ. ಐದು ವರ್ಷ ಅವಳು ಟಿ.ವಿ. ನೋಡಿದ್ದೆಲ್ಲ ನಿಂತೇ. ಕೈಯಲ್ಲಿ ಇಸ್ತ್ರಿ, ಇಲ್ಲವೆ ತರಕಾರಿ, ಇಲ್ಲವೆ ಸೂಜಿದಾರ. ಹೇಳಿದ ಮಾತಿಗೆ ತಪ್ಪಬಾರದೆಂದು ಒಂದು ದಿನವೂ ಗುಂಡಿ ಮುಟ್ಟಿರಲಿಲ್ಲ. ಗುರುವಾರದ ಏಳೂವರೆಗೆ ಗಂಡ ಲೇತ್ ಕಾರ್ಖಾನೆಯ ಪಾಳಿಯಲ್ಲಿ, ಅತ್ತೆ ಒಳಗೆ ಮಲಗಿ, ಮಗಳು ಪುಸ್ತಕದ ಮುಂದೆ. ಒಂದು ದೀಪವೂ ಇಲ್ಲ.

"ಪೆಟ್ಟಿಗೆ ಲೆಕ್ಕದಲ್ಲಿ, ಖಾಲಿ ಕೋಣೆಯಲ್ಲಿ ಟಿ.ವಿ. ತಾನೇ ಉರೀತಿತ್ತು ಅಷ್ಟೇ" ಎಂದಳು ಮಗಳು ಮೆಲ್ಲಗೆ. "ಇಂಥ ಒಂದು ಮನೆ ಅಂದ್ರೆ ಸಾವಿರಾರು ಮನೆ ಇದ್ದ ಹಾಗಂತೆ ಅಮ್ಮ."

ಕಲೆಯಕ್ಕನ ಕಣ್ಣ ಮುಂದೆ ಸಾವಿರಾರು ಮನೆಗಳು ಬಂದವು. ಪ್ರತಿ ಮನೆಯ ಅಡುಗೆಮನೆ ಬಾಗಿಲಲ್ಲೂ ಒಬ್ಬಳು ಒರಗಿ ನಿಂತಿದ್ದಾಳೆ, ಯಾವ ಪೆಟ್ಟಿಗೆಯಲ್ಲೂ ದೀಪವಿಲ್ಲ.

"ಶನಿವಾರ ಎರಡೂವರೆ ಅಂದೆಯಲ್ಲ?" ಕೊನೆಗೆ ಕೇಳಿದಳು. "ಸರಿ. ಕೂರ್ತೀನಿ."

ಕೂರುವುದೇನು ಸುಲಭವೇ? ಶನಿವಾರ ಎರಡೂವರೆಗೆ ಅತ್ತೆಯ ಮೆಚ್ಚಿನ ಸಂಸಾರದ ಧಾರಾವಾಹಿಯ ವಾರದ ಕಂತುಗಳೆಲ್ಲ ಮರುಪ್ರಸಾರವಾಗುತ್ತಿದ್ದವು.

"ಅದನ್ನ ವಾರ ಪೂರ್ತಿ ನೋಡಿರ್ತೀರಲ್ಲ ಅತ್ತೆ."

"ನೋಡಿದ್ದನ್ನೇ ನೋಡಿದ್ರೆ ತಪ್ಪೇನು? ಇಪ್ಪತ್ತು ವರ್ಷದಿಂದ ನಿನ್ನ ಮುಖಾನೂ ನೋಡ್ತಿದ್ದೀನಲ್ಲ."

"ಒಂದೇ ಒಂದು ಗಂಟೆ."

"ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ. ನಿನ್ನ ಕಾಲ ಬಂತು ಅನ್ನು."

"ಕಾಲ ನೀವೇ ಇಟ್ಕೊಳಿ ಅತ್ತೆ, ನನಗೆ ಗಂಟೆ ಸಾಕು" ಎಂದಳು ಕಲೆಯಕ್ಕ. ಅತ್ತೆ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಆ ಮನೆಯಲ್ಲಿ ಅದಕ್ಕೆ ಒಪ್ಪಿಗೆ ಎಂದೇ ಅರ್ಥ.

ಪೆಟ್ಟಿಗೆಯಲ್ಲಿ ಅತಿಥಿಗಳಿಗೂ ಒಂದು ಗುಂಡಿ ಇತ್ತು. ಮನೆಗೆ ಬಂದವರು ಕೂತು ನೋಡಿದರೆ ಅವರ ವಯಸ್ಸು, ಹೆಣ್ಣೋ ಗಂಡೋ ಒತ್ತಿ ತಿಳಿಸತಕ್ಕದ್ದು ಎಂದು ಮಗಳು ಜೊತೆಗೆ ಬಂದಿದ್ದ ಪುಸ್ತಕ ತೆರೆದು ಓದಿ ಹೇಳಿದಳು. ಶನಿವಾರ ಲಾಂಡ್ರಿಗೆ ಅರ್ಧ ದಿನ, ಮನೆ ಆಸ್ಪತ್ರೆಯಿಂದ ಹತ್ತು ನಿಮಿಷ. ಹೊಸ ವೇಳೆ ಶುರುವಾಗುವ ಮುನ್ನಾದಿನ, ಶುಕ್ರವಾರ, ಕಲೆಯಕ್ಕ ಕಥೆ ಹೇಳುವ ಹೊತ್ತಿಗೆ ಬಾಯಿಗೆ ಬೀಗ ಹಾಕಿಕೊಂಡಳು. "ಇನ್ಮೇಲೆ ನಾನು ಹೇಳಲ್ಲ. ನಾಳೆ ಮನೆಗೆ ಬನ್ನಿ, ನೀವೇ ನೋಡಿ."

ಆ ಹೊತ್ತಿಗೆ ಗಂಡ ಕಾರ್ಖಾನೆಗೆ, ಮಗಳು ಟ್ಯೂಷನ್ನಿಗೆ ಹೋಗಿರುತ್ತಿದ್ದರು. ಬಂದವರು ಆರು ಜನ. ಮಡಿಕೆಯಮ್ಮ, ಗಾಡಿಯಣ್ಣ, ಬಿಸಿ ಉರುಳೆಗಳ ಇಸ್ತ್ರಿ ಯಂತ್ರದಲ್ಲಿ ಕೆಲಸ ಮಾಡುವ ಅಕ್ಕತಂಗಿಯರಿಬ್ಬರು, ಒಗೆಯುವ ಯಂತ್ರದ ಇಬ್ಬರು ಹೆಂಗಸರು. ಕುರ್ಚಿ ಸಾಲದೆ ಹಾಸಿಗೆಯ ಮೇಲೆ, ನೆಲದ ಮೇಲೆ ಕೂತರು. ಕಲೆಯಕ್ಕ ಪೆಟ್ಟಿಗೆಯ ರಿಮೋಟು ಹಿಡಿದು ನ್ಯಾಯಾಧೀಶಳಂತೆ ನಡುವೆ ನಿಂತಳು.

"ಅಮ್ಮ, ನಿಮ್ಮ ವಯಸ್ಸೆಷ್ಟು ಹಾಕಲಿ?"

"ಆಫೀಸಲ್ಲಿ ಐವತ್ತಾರು ಅಂತಿದೆ. ಡಾಕ್ಟರ ಹತ್ರ ಅರವತ್ತು ಅಂದಿದ್ದೆ. ಟಿ.ವಿ.ಗೆ ಎಷ್ಟು ಹೇಳ್ಬೇಕು?"

"ನಿಜ ಹೇಳಿ. ಇಲ್ಲಿ ಸುಳ್ಳು ಒತ್ತೋಹಾಗಿಲ್ಲ."

"ಹಾಗಾದ್ರೆ ನನ್ನ ಕಿವೀಲಿ ಕೇಳು" ಎಂದರು ಮಡಿಕೆಯಮ್ಮ.

ಎಲ್ಲರ ದೀಪ ಹತ್ತಿದ ಮೇಲೆ ಅವಳು ತನ್ನ ಮೂರನ್ನು ಒತ್ತಿದಳು. ಒತ್ತಿ, ಕೈಯಲ್ಲಿ ಏನೂ ಇಲ್ಲದೆ ಕೂತಳು. ಖಾಲಿ ಕೈಯನ್ನು ಎಲ್ಲಿಡಬೇಕೆಂದೇ ಮೊದಲ ಹತ್ತು ನಿಮಿಷ ಅವಳಿಗೆ ತಿಳಿಯಲಿಲ್ಲ.

ಅವಳ ನಿಯತ್ತು ಎಷ್ಟೆಂದರೆ, ಗಾಡಿಯಣ್ಣ ನಡುವೆ ತೂಕಡಿಸಿದಾಗ ಅವನ ದೀಪ ಆರಿಸಿಬಿಟ್ಟಳು.

"ಅಕ್ಕ, ಅನ್ಯಾಯ! ಕಣ್ಣು ಮುಚ್ಚಿ ಕೇಳ್ತಿದ್ದೆ."

"ಗೊರಕೆ ಹೊಡೀತಾ ಕೇಳ್ತಿದ್ದೆಯಾ? ಮುಖ ತೊಳ್ಕೊಂಡು ಬಾ, ಮತ್ತೆ ಹತ್ತಿಸ್ತೀನಿ."

ಅತ್ತೆ ಮೊದಲ ವಾರ ಟಿ.ವಿ.ಗೆ ಬೆನ್ನು ಹಾಕಿ ಬಾಗಿಲಲ್ಲಿ ಕೂತು ಪ್ರತಿಭಟಿಸಿದರು. ಎರಡನೇ ವಾರ ಬೆನ್ನು ಹಾಕಿಕೊಂಡೇ, "ಆ ಅಳಿಯ ಅಷ್ಟೊತ್ತಲ್ಲಿ ಅಡುಗೆಮನೆಗೆ ಯಾಕೆ ಹೋದ?" ಎಂದರು. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ಮೂರನೇ ವಾರ ಮುಂದಿನ ಸಾಲಿನ ಒಳ್ಳೆಯ ಕುರ್ಚಿ ಅವರದಾಗಿತ್ತು, ಒಂದನೇ ನಂಬರಿನ ದೀಪವೂ ಹತ್ತಿತ್ತು. ಅಲ್ಲಿಗೆ ಎಂಟಾಯಿತು.

ಐದನೇ ಶನಿವಾರ, ಎರಡು ಗಂಟೆಯ ನಂತರ ಕಲೆಯಕ್ಕ ಮನೆಗೆ ಓಡಿಬಂದು ಕುರ್ಚಿ ಜೋಡಿಸುತ್ತಿದ್ದಾಗ ಬಾಗಿಲಲ್ಲಿ ಎಣಿಕೆ ಕಂಪನಿಯವನು ನಿಂತಿದ್ದ. ಹೆಗಲಿಗೆ ಚೀಲ, ಕೈಯಲ್ಲಿ ಕಾಗದ ಸಿಕ್ಕಿಸಿದ ಹಲಗೆ, ಮೂರು ಮಹಡಿ ಹತ್ತಿದ ಏದುಸಿರು.

"ನಿಮ್ಮ ಪೆಟ್ಟಿಗೆ ಕೆಟ್ಟಿದೆ ಅನ್ಸುತ್ತೆ, ಮೇಡಂ."

"ಇಲ್ವಲ್ಲ, ಚೆನ್ನಾಗೇ ಇದೆ."

"ಐದು ವರ್ಷದಲ್ಲಿ ಮೂರನೇ ನಂಬರ್ ಒಂದು ಸಲಾನೂ ಬಂದಿಲ್ಲ. ಈಗ ನಾಲ್ಕು ವಾರದಿಂದ ಶನಿವಾರ ಎರಡೂವರೆಗೆ ಸರಿಯಾಗಿ ಮೂರು ಬರುತ್ತೆ, ಜೊತೆಗೆ ಆರು ಜನ ಅತಿಥಿಗಳು! ನಡುವೆ ಒಬ್ಬ ಗಂಡಸು ಆರಿ ಆರಿ ಹತ್ತುತ್ತಾನೆ. ನಮ್ಮ ಕಂಪ್ಯೂಟರು ನಿಮ್ಮ ಮನೆಗೆ ಕೆಂಪು ಗುರುತು ಹಾಕಿದೆ."

"ಅವನಿಗೆ ನಿದ್ದೆ ಬರುತ್ತೆ, ಏನ್ಮಾಡೋದು?"

ಅವನು ನಗಲಿಲ್ಲ. "ನೇರವಾಗಿ ಕೇಳ್ತೀನಿ. ಇದನ್ನ ಯಾರು ಹೇಳಿಕೊಟ್ರು? ಚಾನೆಲ್‌ನವರು ಬಂದಿದ್ರಾ?"

ಅಷ್ಟರಲ್ಲಿ ಮೆಟ್ಟಿಲಲ್ಲಿ ಗದ್ದಲ. ಆರೂ ಜನ ಸೋಪಿನ ವಾಸನೆಯೊಂದಿಗೆ ಒಳಗೆ ಬಂದು ತಮ್ಮ ತಮ್ಮ ಜಾಗ ಹಿಡಿದರು. ಎಣಿಕೆಯವನು ಬೆರಳು ಮಡಿಸಿ ಎಣಿಸಿದ. ಅವನ ದನಿ ಗಟ್ಟಿಯಾಯಿತು. "ಅಂದ್ರೆ ಪೆಟ್ಟಿಗೆ ವಿಷಯ ಇವರಿಗೆಲ್ಲ ಹೇಳಿದ್ದೀರಿ. ಹೇಳಬಾರದು ಅನ್ನೋದು ಕರಾರು."

"ಅತಿಥಿಗಳ ವಯಸ್ಸು ಒತ್ತಬೇಕು ಅನ್ನೋದೂ ನಿಮ್ಮದೇ ಕರಾರು. ಯಾಕೆ ಕೇಳ್ತೀಯ ಅಂದ್ರೆ ಏನು ಹೇಳಲಿ? ಸಂಬಂಧ ಕುದುರಿಸ್ತೀನಿ ಅನ್ನಲಾ?" ಎಂದಳು ಕಲೆಯಕ್ಕ.

"ನಿಜವಾಗಿ ನೋಡೋಕೆ ಬರ್ತೀರಾ?" ಎಣಿಕೆಯವನು ಎಲ್ಲರತ್ತ ತಿರುಗಿದ. "ಹಾಗಾದ್ರೆ ಹೇಳಿ, ಹೋದ ವಾರ ಏನಾಯ್ತು?"

ಅವನು ಆ ಪ್ರಶ್ನೆ ಕೇಳಬಾರದಿತ್ತು.

"ಏನಾಯ್ತು ಅಂದ್ರೆ? ಆ ಮೇಷ್ಟ್ರು ಸುಳ್ಳು ಹೇಳ್ದ" ಎಂದಳು ಉರುಳೆ ಇಸ್ತ್ರಿಯ ಅಕ್ಕ. "ಅಂಗಿ ನಾನೇ ಇಸ್ತ್ರಿ ಮಾಡ್ಕೋತೀನಿ ಅಂದ. ಒಬ್ಬಂಟಿ ಗಂಡಸು ಕಾಲರನ್ನ ಒಳಗಡೆಯಿಂದ ಇಸ್ತ್ರಿ ಮಾಡ್ತಾನಾ? ಅದು ಕೆಲಸ ಗೊತ್ತಿರೋ ಹೆಂಗಸಿನ ಕೈ."

"ಅಂದ್ರೆ ಅಡುಗೆಯವಳದ್ದು" ಎಂದಳು ತಂಗಿ.

"ಅಡುಗೆಯವಳ ಸುದ್ದಿಗೆ ಬರ್ಬೇಡಿ!" ಗಾಡಿಯಣ್ಣ ಎದ್ದು ನಿಂತ. "ಅವಳಿಗೆ ಮಂಡಿ ನೋವು. ಮೊದಲ ಶನಿವಾರದಿಂದ ನೋಡ್ತಿದ್ದೀನಿ, ಮೆಟ್ಟಿಲು ಹತ್ತುವಾಗ ಗೋಡೆ ಹಿಡೀತಾಳೆ. ತಳ್ಳೋಕೆ ಮೇಲೆ ಹೋಗ್ಬೇಕಲ್ಲ?"

"ನಿದ್ದೆಯಲ್ಲಿ ನೋಡಿದ್ದಾ?" ಮಡಿಕೆಯಮ್ಮ ಚುಚ್ಚಿದರು. "ಅಳಿಯನೇ ಕಣೋ. ಅತ್ತೆ ಸತ್ತ ಮನೇಲಿ ಎರಡು ಸಲ ಬಡಿಸ್ಕೊಂಡು ತಿಂದ."

"ಹಸಿವಾದ್ರೆ ತಿನ್ನಲ್ವಾ?"

"ಹಸಿವಾಗೋದೇ ತಪ್ಪು ಅಂತೀನಿ ನಾನು!"

ಐದು ನಿಮಿಷ ಎಣಿಕೆಯವನ ಮಾತು ಯಾರಿಗೂ ಕೇಳಿಸಲಿಲ್ಲ. ಅವನು ಹಲಗೆಯನ್ನು ಎದೆಗೆ ಅವಚಿಕೊಂಡು ಒಬ್ಬೊಬ್ಬರ ಬಾಯಿ ನೋಡುತ್ತ ನಿಂತಿದ್ದ.

"ನಿಮಗೇನನ್ಸುತ್ತೆ?" ಕಲೆಯಕ್ಕ ಕೇಳಿದಳು. "ಯಾರು ತಳ್ಳಿದ್ದು?"

"ನಾನು... ಅದನ್ನ ನೋಡಿಲ್ಲ. ನಾವು ಎಣಿಸೋರು ಮೇಡಂ, ನೋಡೋರಲ್ಲ."

ಕೋಣೆಯಲ್ಲಿ ನಗು ಸಿಡಿಯಿತು. ಅವನ ಮುಖವೂ ಸ್ವಲ್ಪ ಸಡಿಲವಾಯಿತು. ಅವನು ಕಲೆಯಕ್ಕನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ.

"ನೀವು ನಿಜವಾಗ್ಲೂ ನೋಡ್ತೀರ, ನನಗೆ ಗೊತ್ತಾಯ್ತು. ಆದ್ರೆ ಮೇಲಿನವರಿಗೆ ಅದು ಗೊತ್ತಾಗಲ್ಲ. ಒಂದು ದಾರಿ ಇದೆ. ಈ ಕಾಗದಕ್ಕೆ ರುಜು ಹಾಕಿ. ನಾಲ್ಕು ಶನಿವಾರದ ಲೆಕ್ಕ ಅಳಿಸ್ತಾರೆ, ಅಷ್ಟೇ. ಪೆಟ್ಟಿಗೆ ಇಲ್ಲೇ ಇರುತ್ತೆ, ಮುಂದಿನ ತಿಂಗಳು ನಿಮ್ಮ ಮೆಷೀನೂ ಬರುತ್ತೆ. ಹಾಕ್ಲಿಲ್ಲ ಅಂದ್ರೆ ಇವತ್ತೇ ಪೆಟ್ಟಿಗೆ ಬಿಚ್ಚಿಕೊಂಡು ಹೋಗ್ಬೇಕು. ಮೆಷೀನೂ ಇಲ್ಲ. ಆ ಲೆಕ್ಕ ಹೇಗೂ ಅಳಿಸಿಯೇ ಅಳಿಸ್ತಾರೆ."

ಪೆನ್ನು ಕೈಗೆ ಬಂತು. ಕಲೆಯಕ್ಕನ ಕಣ್ಣು ತಾನಾಗಿಯೇ ಖಾಲಿ ಮೂಲೆಯ ಕಡೆ ಹೋಯಿತು. ಪಕ್ಕದಲ್ಲೇ ನೆನೆಹಾಕಿದ ಬಟ್ಟೆಯ ಎರಡು ಬಕೆಟ್ಟು. ರುಜು ಹಾಕಿದರೂ ಅಳಿಸುತ್ತಾರೆ, ಹಾಕದಿದ್ದರೂ ಅಳಿಸುತ್ತಾರೆ. ಹಾಕಿದರೆ ಮೆಷೀನಾದರೂ ಸಿಗುತ್ತದೆ. ಬುದ್ಧಿ ಇದ್ದವರು ಏನು ಮಾಡುತ್ತಾರೆಂದು ಅವಳಿಗೂ ಗೊತ್ತಿತ್ತು.

"ಅದರಲ್ಲಿ ಏನು ಬರೆದಿದೆಯಪ್ಪ? ಗಟ್ಟಿಯಾಗಿ ಓದು" ಎಂದರು ಅತ್ತೆ, ಮುಂದಿನ ಕುರ್ಚಿಯಿಂದ.

ಅವನು ಓದಿದ. "'ಮೇಲ್ಕಂಡ ದಿನಗಳಂದು ಈ ಮನೆಯಲ್ಲಿ ಸದರಿ ಕಾರ್ಯಕ್ರಮವನ್ನು ಯಾರೂ ವೀಕ್ಷಿಸಿರುವುದಿಲ್ಲ. ಗುಂಡಿಗಳನ್ನು ತಿಳಿವಳಿಕೆಯಿಲ್ಲದೆ ತಪ್ಪಾಗಿ ಒತ್ತಲಾಗಿದೆ.'"

ಅತ್ತೆ ಸೊಸೆಯ ಕಡೆ ಪೂರ್ತಿ ತಿರುಗಿದರು. ಇಪ್ಪತ್ತು ವರ್ಷದಲ್ಲಿ ಅವರು ಅವಳನ್ನು ಅಷ್ಟು ನೆಟ್ಟಗೆ ನೋಡಿದ್ದು ಕಡಿಮೆ.

"ಇದು ನಿನ್ನ ಮಾತೇನಾ?"

ಕಲೆಯಕ್ಕ ಕಾಗದದಿಂದ ಕಣ್ಣೆತ್ತಿದಳು.

"ಅಲ್ಲ ಅತ್ತೆ."

"ಅಲ್ಲ ಅಂದ್ಮೇಲೆ ಪೆನ್ನು ಯಾಕೆ ಹಿಡ್ಕೊಂಡಿದ್ದೀಯ? ವಾಪಸ್ ಕೊಡು."

"ಮೆಷೀನು, ಅತ್ತೆ..."

"ಆ ಮೂಲೇಲಿ ಇನ್ನೆರಡು ಕುರ್ಚಿ ಹಿಡಿಯುತ್ತೆ. ಎಷ್ಟು ದಿನ ಅಂತ ಇವರನ್ನ ನೆಲದ ಮೇಲೆ ಕೂರಿಸ್ತೀಯ?"

ಕಲೆಯಕ್ಕ ಪೆನ್ನನ್ನು ವಾಪಸ್ ಕೊಟ್ಟಳು. ಕೊಟ್ಟ ಮೇಲೆ ಅವಳಿಗೇ ಆಶ್ಚರ್ಯವಾಗುವಂತೆ ದನಿ ಏರಿತು.

"ನೀವು ಬರೆಯೋರಲ್ವಾ? ಬರ್ಕೊಳಿ, ನಾನು ಹೇಳ್ತೀನಿ. ತಪ್ಪಾಗಿದ್ದು ನಿಜ. ಈ ನಾಲ್ಕು ವಾರ ಒತ್ತಿದ್ದಲ್ಲ, ಐದು ವರ್ಷ ಒತ್ತದೇ ಇದ್ದಿದ್ದು ತಪ್ಪು. ಐದು ವರ್ಷ ಈ ಕೋಣೇಲಿ ನಾನಿದ್ದೆ. ನಿಂತಿದ್ದೆ. ಕೈಯಲ್ಲಿ ಕೆಲಸ ಇತ್ತು, ಕಣ್ಣು ಟಿ.ವಿ. ಮೇಲಿತ್ತು. ನಾನಿಲ್ಲ ಅಂತ ನಿಮ್ಮ ಪೆಟ್ಟಿಗೆ ಹೇಳಿದಾಗ ನಿಮ್ಮ ಕಂಪ್ಯೂಟರಿಗೆ ಯಾವ ಅನುಮಾನವೂ ಬರಲಿಲ್ಲ. ನಾನಿದ್ದೀನಿ ಅಂದ ತಕ್ಷಣ ಕೆಂಪು ಗುರುತು! ಬರೆದ್ರಾ?"

"ಇಲ್ಲಿ ಒಂದೇ ಸಾಲಿನ ಜಾಗ ಇದೆ ಮೇಡಂ. 'ಇತರೆ' ಅಂತ."

"ಹಿಂದುಗಡೆ ಖಾಲಿ ಇದೆಯಲ್ಲ, ಅಲ್ಲಿ ಬರೀರಿ. ಎಂಟು ಜನ ನೋಡಿದ್ವಿ ಅಂತ ಬರೀರಿ. ಅದಕ್ಕೆ ಎಂಟೂ ಜನ ರುಜು ಹಾಕ್ತೀವಿ."

ಅವನು ಬರೆದ. ಯಾಕೆ ಬರೆದನೋ ಅವನಿಗೇ ಗೊತ್ತಿರಲಿಲ್ಲ, ಆದರೆ ಒಂದಕ್ಷರ ಬಿಡದೆ ಬರೆದ. ಮಡಿಕೆಯಮ್ಮ ಕನ್ನಡಕ ಹುಡುಕಿ, ರುಜುವಿನ ಪಕ್ಕ ತಮ್ಮ ನಿಜವಾದ ವಯಸ್ಸನ್ನೂ ಹಾಕಿದರು. ಗಾಡಿಯಣ್ಣ 'ಎಚ್ಚರವಾಗಿದ್ದೆ' ಎಂದು ಸೇರಿಸಿದ. ಎಣಿಕೆಯವನು ಪೆಟ್ಟಿಗೆ ಬಿಚ್ಚಿ, ತಂತಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಟಿ.ವಿ.ಯ ಪ್ಲಗ್ಗನ್ನು ತಾನೇ ಮತ್ತೆ ಸಿಕ್ಕಿಸಿಕೊಟ್ಟ. ಗಂಟೆ ಎರಡು ಇಪ್ಪತ್ತೊಂಬತ್ತು.

"ಕೂತು ನೋಡಿ ಹೋಗಿ" ಎಂದಳು ಕಲೆಯಕ್ಕ.

"ಇನ್ನೊಂದು ಮನೆಗೆ ಹೋಗ್ಬೇಕು."

"ಹಾಗಾದ್ರೆ ಬಾಗಿಲು ಹಾಕ್ಕೊಂಡು ಹೋಗಿ. ಶುರುವಾಯ್ತು."

ಇನ್ನೆರಡು ಶನಿವಾರ 'ಹೇಳಿಕೆ' ಬಂತು. ಮೂರನೆಯ ಶನಿವಾರ ಅದೇ ಹೊತ್ತಿಗೆ ಟಿ.ವಿ.ಯಲ್ಲಿ ಒಬ್ಬಾತ ತವಾ ಮಾರುತ್ತಿದ್ದ. ಸೂಚನೆಯಿಲ್ಲ, ಕ್ಷಮೆಯಿಲ್ಲ. ಮೆಟ್ಟಿಲ ಕೆಳಗಿನ ಹೆಣ ಹಾಗೆಯೇ ಬಿದ್ದಿತ್ತು, ತಳ್ಳಿದವರು ಯಾರೆಂದು ಹೇಳದೆಯೇ ಧಾರಾವಾಹಿ ಮುಚ್ಚಿಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆ ತವಾದವನನ್ನು ಅತ್ತೆ ಬಾಯಿಗೆ ಬಂದಂತೆ ಬೈದರು.

ಸೋಮವಾರ ಊಟದ ಬಿಡುವಿನಲ್ಲಿ ಲಾಂಡ್ರಿ ಸಪ್ಪೆಯಾಗಿತ್ತು.

"ಹೋಗ್ಲಿ ಬಿಡಿ" ಎಂದ ಗಾಡಿಯಣ್ಣ. "ದೊಡ್ಡವರ ಆಟ. ನಾವು ಎಂಟು ಜನ ಏನ್ಮಾಡೋಕಾಗುತ್ತೆ?"

"ಬಿಡೋದಾ?" ಕಲೆಯಕ್ಕ ಮೇಜಿನ ಮೇಲಿದ್ದ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ಸರಿಸಿದಳು. "ಅವರು ಮುಚ್ಚಿದ್ದು ಅವರ ಅಂಗಡಿ. ಈ ಪ್ರಕರಣ ನಮ್ಮದು. ಎಲ್ಲರ ಮಾತೂ ನಮ್ಮ ತಲೇಲಿದೆ. ಒಬ್ಬೊಬ್ಬರೇ ಹೇಳ್ತಾ ಬನ್ನಿ, ಯಾರು ತಳ್ಳಿದ್ದು ಅಂತ ಇಲ್ಲೇ ತೀರ್ಮಾನ ಆಗ್ಲಿ. ಅಳಿಯನ ಕಡೆಯವರು ಯಾರು? ಅಮ್ಮ, ನೀವು ಶುರು ಮಾಡಿ."

ಮಡಿಕೆಯಮ್ಮ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಬಾಗಿಲು ತೆರೆಯಿತು. ನಾಲ್ಕನೇ ಮಹಡಿಯ ನರ್ಸೊಬ್ಬಳು ಕೊಳೆಬಟ್ಟೆಯ ಚೀಲವನ್ನು ತಾನೇ ಹೊತ್ತು ತಂದಿದ್ದಳು. ಕೊಳವೆಯಲ್ಲಿ ಎಸೆದಿದ್ದರೆ ಸಾಕಿತ್ತು. ನಾಲ್ಕು ಮಹಡಿ ಇಳಿದು ಯಾರೂ ತರುವುದಿಲ್ಲ. ಚೀಲ ಇಳಿಸಿದ ಮೇಲೂ ಅವಳು ಹೋಗಲಿಲ್ಲ.

"ಇಲ್ಲಿ ಯಾರೋ 'ಹೇಳಿಕೆ' ನೋಡ್ತಿದ್ರು ಅಂತ ಕೇಳ್ದೆ" ಎಂದಳು ಸಂಕೋಚದಿಂದ. "ಅದರ ಮುಂದಿನ ಕಥೆ ಏನಾದ್ರೂ ಗೊತ್ತಾಯ್ತಾ?"

"ನೀವೂ ನೋಡ್ತಿದ್ರಾ ಸಿಸ್ಟರ್?"

"ವಾರ್ಡಿನ ಟಿ.ವಿ.ಯಲ್ಲಿ. ಡ್ರಿಪ್ ಬದಲಾಯಿಸ್ತಾ, ನಿಂತ್ಕೊಂಡೇ. ಆದ್ರೆ ರೋಗಿಗಳಿಗೆ ತೊಂದರೆ ಅಂತ ಅಲ್ಲಿ ಶಬ್ದ ಹಾಕೋಹಾಗಿಲ್ಲ. ಒಂದು ಮಾತೂ ಕೇಳಿಸ್ತಿರಲಿಲ್ಲ."

"ಅದರಲ್ಲಿ ಇರೋದೇ ಮಾತು, ತಾಯಿ!" ಮಡಿಕೆಯಮ್ಮ ಹಣೆ ಚಚ್ಚಿಕೊಂಡರು. "ಮಾತಿಲ್ಲದೆ ಏನು ನೋಡಿದ್ರಿ?"

"ಮುಖ ನೋಡ್ತಿದ್ದೆ" ಎಂದಳು ನರ್ಸು. "ಕೈ ನೋಡ್ತಿದ್ದೆ. ಅದಕ್ಕೇ ಕೇಳೋಣ ಅಂತ ಬಂದೆ. ಆ ಮೇಷ್ಟ್ರು ಬಾಯಿ ತೆಗೆದಾಗೆಲ್ಲ, ಹಿಂದೆ ನಿಂತಿರೋ ಆ ಚಿಕ್ಕ ಪೊಲೀಸಿನವನು ಕೈಬೆರಳು ಹಿಸುಕಿಕೊಳ್ತಾನಲ್ಲ, ಯಾಕೆ? ಅವನಿಗೂ ಆ ಮನೆಗೂ ಏನು ಸಂಬಂಧ?"

ಯಂತ್ರಗಳು ತಿರುಗುತ್ತಿದ್ದವು. ಅಳಿಯನ ಪಂಗಡ, ಅಡುಗೆಯವಳ ಪಂಗಡ, ಮೇಷ್ಟ್ರ ಪಂಗಡ, ಮೂರೂ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವಾರ ಕಿವಿಗೊಟ್ಟು ಕೂತಿದ್ದವರಲ್ಲಿ ಒಬ್ಬರೂ ಆ ಪೊಲೀಸಿನವನ ಕಡೆ ಕಣ್ಣು ಹಾಯಿಸಿರಲಿಲ್ಲ.

ಕಲೆಯಕ್ಕ ಕೈಗವಸು ಕಳಚಿ ಮೇಜಿನ ಮೇಲಿಟ್ಟಳು. ಪಕ್ಕದಲ್ಲಿದ್ದ ಸ್ಟೂಲನ್ನು ಕಾಲಿನಿಂದ ಎಳೆದು ಮುಂದೆ ತಳ್ಳಿದಳು.

"ಕೂತ್ಕೊಳಿ ಸಿಸ್ಟರ್" ಎಂದಳು. "ನೀವು ಕಂಡಿದ್ದೆಲ್ಲ ಮೊದಲಿಂದ ಹೇಳಿ. ಏನನ್ನೂ ಬಿಡ್ಬೇಡಿ."